ಲಾಸರನ ಮೀಸಲು ಬ್ಯಾಟರಿ

ನೀಂಡಕರ ಮೀನು ಬಂದರಿನ ಲಾಸರ್ ಮಳೆಗಾಲದ ಕಡಲನ್ನಾದರೂ ನಂಬುತ್ತಿದ್ದ, ತನ್ನ ಬೋಟಿನ ಆಳುಗಳನ್ನು ಮಾತ್ರ ನಂಬುತ್ತಿರಲಿಲ್ಲ. ಬಲೆ ಬಿಟ್ಟು ಕೂತರೆ ಸಾಕು, ಹಾಡು ಹಾಕಿಕೊಂಡು ಎಂಜಿನ್ನಿನ ಬ್ಯಾಟರಿಯನ್ನು ಹಿಂಡಿ ಹಿಪ್ಪೆ ಮಾಡುತ್ತಿದ್ದರು.

ಅದಕ್ಕೇ ಅವನು ಕೊಲ್ಲಂ ಪೇಟೆಗೆ ಹೋಗಿ, ದಪ್ಪ ಪ್ಲೇಟಿನ, ಎತ್ತಿದರೆ ಸೊಂಟ ಹಿಡಿಯುವಂಥ ಇನ್ನೊಂದು ಬ್ಯಾಟರಿ ಆರಿಸಿ ತಂದ. ಕ್ಯಾಬಿನ್ನಿನಲ್ಲಿ ಸಂತ ಅಂತೋನಿಯ ಮೂರ್ತಿಯ ಕೆಳಗಿದ್ದ ಪೆಟ್ಟಿಗೆಯೊಳಗೆ ಅದನ್ನು ಅಡಗಿಸಿಟ್ಟ. ಆಪತ್ತಿಗೆ ಮಾತ್ರ. ಆಗಾಗ ಆಳುಗಳಿಲ್ಲದ ಹೊತ್ತು ನೋಡಿ ಡಿಸ್ಟಿಲ್ಡ್ ವಾಟರ್ ತುಂಬಿ, ತುದಿಗಳಿಗೆ ವ್ಯಾಸಲೀನ್ ಸವರಿ, ಚಾರ್ಜ್ ಮಾಡಿ, ಅಂತೋನಿಗೆ ಕೈಮುಗಿದು ಬರುತ್ತಿದ್ದ.

ಕ್ರಮೇಣ ಆಳುಗಳಿಗೂ ಭಕ್ತಿ ಬಂತು. ಚರ್ಚಿನ ಹೊಸಿಲು ತುಳಿಯದ ಗಿಲ್ಬರ್ಟ್ ಕೂಡ ಬೆಳಿಗ್ಗೆ ಸಂಜೆ ಅಂತೋನಿಯ ಮುಂದೆ ಮಂಡಿಯೂರತೊಡಗಿದ.

"ನಮ್ ಹುಡುಗ್ರು ಸುಧಾರಿಸ್ಬಿಟ್ರು ಕಣೇ," ಎಂದು ಲಾಸರ್ ಹೆಂಡತಿಯ ಮುಂದೆ ಹೇಳಿಕೊಂಡು ಬೀಗಿದ.

ಒಂದು ದಿನ, ದಡ ಇನ್ನೂ ಮಸುಕಾಗಿ ಕಾಣುವಷ್ಟು ದೂರದಲ್ಲಿ ಬಲೆ ಎಳೆದುಕೊಂಡು ಹೊರಡುವಾಗ, ಹಾಡಿಗೆ ಬಳಲಿದ ಹಳೆಯ ಬ್ಯಾಟರಿ ಎಂಜಿನ್ ತಿರುಗಿಸಲಾರದೆ ಕೈಚೆಲ್ಲಿತು. ಲಾಸರ್ ಮೀಸೆಯಡಿಯಲ್ಲೇ ನಕ್ಕ.

"ಯಜಮಾನ ಅಂದ್ರೆ ಏನು ಅಂತ ಈಗ ನೋಡ್ರೋ," ಎಂದು ಅಂತೋನಿಯನ್ನು ಪಕ್ಕಕ್ಕಿಟ್ಟು ಮುಚ್ಚಳ ಎತ್ತಿದ.

ಬ್ಯಾಟರಿಗೆ ಐದು ಫೋನ್ ಚಾರ್ಜರುಗಳ ವೈರುಗಳು ಜಿಗಣೆಗಳಂತೆ ಕಚ್ಚಿಕೊಂಡಿದ್ದವು. ಅದರಲ್ಲಿ ಉಸಿರೇ ಇರಲಿಲ್ಲ.

ಗಿಲ್ಬರ್ಟ್ ಬಲು ವಿನಯದಿಂದ ಫೋನು ಮುಂದೆ ಹಿಡಿದ. "ನಮ್ದೆಲ್ಲಾ ಫುಲ್ ಚಾರ್ಜ್ ಇದೆ ಅಣ್ಣಾ. ಎಳ್ಕೊಂಡ್ ಹೋಗೋಕೆ ಯಾರ ಬೋಟಿಗೆ ಫೋನ್ ಮಾಡ್ಲಿ?"