ಹತ್ತಿಕಾಳಿನ ಜಪ

ಟೈಫಾಯಿಡ್ ಜ್ವರದಲ್ಲಿ ಯಜಮಾನರು ಮಲಗಿ ಅಂದಿಗೆ ಇಪ್ಪತ್ತೊಂದನೆಯ ದಿನ. ಬೆಳಿಗ್ಗೆ ಡಾಕ್ಟರು ನಾಡಿ ಹಿಡಿದು ನೋಡಿ, "ಈ ರೋಜು ದಾಟಿತೇ ಭಯಂ ಲೇದಮ್ಮಾ" ಎಂದು ತೆಲುಗಿನಲ್ಲಿ ಅತ್ತೆಗೆ ಹೇಳಿದರು. ನನ್ನ ಮುಖ ನೋಡದೆ ಟಾಂಗಾ ಹತ್ತಿದರು. ಇವತ್ತು ದಾಟಿದರೆ ಭಯವಿಲ್ಲ, ದಾಟದಿದ್ದರೆ ಏನು ಎಂದು ಯಾರೂ ಕೇಳಲಿಲ್ಲ. ಆದವಾನಿಯ ಆ ಮನೆಗೆ ನಾನು ಸೊಸೆಯಾಗಿ ಬಂದು ವರ್ಷ ತುಂಬಿರಲಿಲ್ಲ.

ಮಗನಿಗಾಗಿ ಅತ್ತೆ ಲಕ್ಷ ಪಂಚಾಕ್ಷರಿ ಜಪದ ಹರಕೆ ಹೊತ್ತಿದ್ದರು. ಅತ್ತೆ, ಓರಗಿತ್ತಿ, ನಾನು, ಮೂವರೂ ಪಾಲು ಹಂಚಿಕೊಂಡು ಎಂಟು ದಿನದಿಂದ ಅವರ ಕೋಣೆಯ ಬಾಗಿಲಲ್ಲಿ ಕೂರುತ್ತಿದ್ದೆವು. ಹತ್ತಿ ವ್ಯಾಪಾರದ ಮನೆ, ಹಾಗಾಗಿ ಎಣಿಕೆಗೆ ಹತ್ತಿಕಾಳು. 'ನಮಃ ಶಿವಾಯ' ಎಂದೊಮ್ಮೆ ಅಂದರೆ ಒಂದು ಕಾಳು ಎಡಗಡೆಯ ತಟ್ಟೆಯಿಂದ ಬಲಗಡೆಯ ತಟ್ಟೆಗೆ. ಕಾಳಿಗಂಟಿದ ನವಿರು ಎಳೆ ಬೆರಳ ತುದಿಯಲ್ಲೇ ಉಳಿಯುತ್ತಿತ್ತು. ಮೊದಲ ದಿನ ನಾನು ಅರ್ಥ ಕೇಳಿದ್ದಕ್ಕೆ ಅತ್ತೆ, "ಶಿವಗ ಶರಣು ಅಂತ. ಅರ್ಥ ಅಷ್ಟ ಐತಿ. ಉಳಿದದ್ದು ನೀ ಎಷ್ಟು ಮನಸ್ಸಿಟ್ಟು ಅಂತಿ, ಅದರ ಮ್ಯಾಲ" ಎಂದಿದ್ದರು.

ಮಧ್ಯಾಹ್ನ ಕೋಣೆಯೊಳಗೆ ಯಜಮಾನರ ಉಸಿರು ಸಣ್ಣಗೆ, ಬೇಗ ಬೇಗ ಬರತೊಡಗಿತು. ನನ್ನ ಬೆರಳುಗಳೂ ಅದೇ ಓಟ ಹಿಡಿದವು.

"ನೋಡ್ರಿ ಅತ್ತಿ, ಕಾನ್ವೆಂಟ್ ಸೊಸಿ ರೈಲು ಬಿಟ್ಟಾಳ" ಎಂದರು ಓರಗಿತ್ತಿ. "ಏ ತಂಗಿ, ಶಿವ ಟೇಸನ್ದಾಗ ನಿಂತಾನ, ನಿಲ್ಲಿಸಿ ಹತ್ತಿಸ್ಕೊ."

ಅತ್ತೆ ನಗಲಿಲ್ಲ.

ಎಷ್ಟು ಹೊತ್ತಾಯಿತೋ, ನನ್ನ ತುಟಿ ಆಡುತ್ತಿದ್ದ ಮಾತು ನನ್ನದೇ ಕಿವಿಗೆ ಬಿತ್ತು. ಬಳ್ಳಾರಿಯ ಕಾನ್ವೆಂಟಿನಲ್ಲಿ ಸಂಜೆ ಮಣಿ ಎಣಿಸುತ್ತ ಹೇಳುತ್ತಿದ್ದ ಮೇರಿ ಮಾತೆಯ ಪ್ರಾರ್ಥನೆ! ಯಾವ ಕಾಳಿನಿಂದ ಶುರುವಾಗಿತ್ತೋ ತಿಳಿಯದು. ಯಾರಿಗೂ ಕೇಳಿಸಿರಲಿಲ್ಲ. ಸುಮ್ಮನಿದ್ದರೆ ಲಕ್ಷದ ಎಣಿಕೆ ಸುಳ್ಳಾಗುತ್ತದೆ. ಹೇಳಿ, ಆಮೇಲೆ ಅವರಿಗೇನಾದರೂ ಆದರೆ, ನನ್ನ ಬಾಯಿಂದಲೇ ಆಯಿತು ಎಂಬ ಮಾತು ನಾನು ಬದುಕಿರುವ ತನಕ ಈ ಮನೆಯಲ್ಲಿ ಉಳಿಯುತ್ತದೆ.

"ಅತ್ತೀ, ತಪ್ಪಾತ್ರಿ. ಬಾಯಾಗ ಸಾಲಿ ಪ್ರಾರ್ಥನಿ ಬಂತ್ರಿ."

ಓರಗಿತ್ತಿಯ ಕಾಳು ಕೈಯಲ್ಲೇ ನಿಂತಿತು.

"ಯಾರದದು?" ಎಂದರು ಅತ್ತೆ.

"ಮೇರಿ ತಾಯಿದ್ರಿ. ಯೇಸುವಿನ ತಾಯಿ."

ಅತ್ತೆ ಮಂಚದ ಕಡೆ ನೋಡಿದರು. "ಮಗನ್ನ ಕಳಕೊಂಡಾಕಿ ಏನು?"

"ಹೌದ್ರಿ."

"ಹಂಗಾರ ಆಕಿಗೆ ನಮ್ಮ ಸಂಕಟ ತಿಳೀತೈತಿ. ತಪ್ಪಲ್ಲ ಬಿಡು. ಆದ್ರ ಈ ಲೆಕ್ಕಕ್ಕ ಬರಂಗಿಲ್ಲ."

ನನ್ನ ಬಲಗಡೆಯ ತಟ್ಟೆಯಲ್ಲಿದ್ದದ್ದನ್ನೆಲ್ಲ ಅವರೇ ಎಡಗಡೆಯ ತಟ್ಟೆಗೆ ಸುರಿದರು. ಬೆಳಗಿನಿಂದ ಹೇಳಿದ್ದಷ್ಟೂ ಹೋಯಿತು. ಓರಗಿತ್ತಿ ಅದರಲ್ಲಿ ಒಂದು ಬೊಗಸೆ ತೆಗೆದು ತಮ್ಮ ಎಡಗಡೆಯ ತಟ್ಟೆಗೆ ಹಾಕಿಕೊಂಡರು. ನಾನು ಮತ್ತೆ ಮೊದಲಿನಿಂದ, ಒಂದೊಂದೇ ಅಕ್ಷರ ಕೇಳಿಸಿಕೊಳ್ಳುತ್ತ ಹೇಳತೊಡಗಿದೆ.

ದೀಪ ಹಚ್ಚುವ ಹೊತ್ತಿಗೆ ಅತ್ತೆ ಒಳಗೆ ಹೋಗಿ ಮಗನ ಕೊರಳು ಮುಟ್ಟಿದರು. ಬೆವರಿಗೆ ಒದ್ದೆಯಾದ ಅಂಗೈಯನ್ನು ನಮ್ಮ ಕಡೆ ತಿರುಗಿಸಿ ತೋರಿಸಿದರು.

"ಜ್ವರ ಇಳೀಲಿಕ್ಕತ್ತೈತಿ."

ನಾನು ಏಳಹೋದೆ.

"ಕುಂದ್ರು" ಎಂದರು. "ಇನ್ನ ಕಾಳು ಅದಾವ."