ಜೋಗೇಶ್ವರಿಯ ಗುರಾಣಿ ಗೋಡೆ

ಯುದ್ಧದ ಪಾಠವನ್ನು ಬಾಯಲ್ಲಿ ಹೇಳಿದರೆ ಸಾಲದು, ಮಾಡಿ ತೋರಿಸಬೇಕು ಎಂದು ನಮ್ಮಂಥ ಇತಿಹಾಸದ ಮಾಸ್ತರುಗಳಿಗೆ ಜೋಗೇಶ್ವರಿಯ ಒಂದು ಮೈದಾನದಲ್ಲಿ ತರಬೇತಿ ಇಟ್ಟಿದ್ದರು. ಕಲಿಸಲು ಬಂದವರು ಪುಣೆಯ ನಿವೃತ್ತ ಮೇಜರ್. ನಮ್ಮ ತಂಡದ ಕೈಗೆ ಪ್ಲೈವುಡ್ಡಿನ ಗುರಾಣಿಗಳನ್ನು ಕೊಟ್ಟು, "ಭುಜಕ್ಕೆ ಭುಜ ತಾಗಿಸಿ ನಿಲ್ಲಿ, ನಡುವೆ ಗಾಳಿಯೂ ನುಗ್ಗಬಾರದು" ಅಂದರು. ಅದನ್ನು ನಮಗೆ ಹೇಳಿಕೊಡಬೇಕೇ? ದಿನಾ ಬೆಳಗ್ಗೆ ಲೋಕಲ್ ರೈಲಿನಲ್ಲಿ ಹಾಗೇ ನಿಂತು ಬರುವವರು ನಾವು.

ಉಳಿದ ಮಾಸ್ತರು-ಟೀಚರುಗಳೇ ಇದ್ದ ಎದುರಿನ ಸೈನ್ಯ ಎರಡು ಸಲ ಓಡಿ ಬಂದು ಗುದ್ದಿತು. ನಾವು ಜಪ್ಪಯ್ಯ ಅಂದರೂ ಅಲುಗಲಿಲ್ಲ. ಬೆನ್ನ ಹಿಂದೆ ನೆಟ್ಟಿದ್ದ ನಮ್ಮ ಧ್ವಜ ಭದ್ರವಾಗಿತ್ತು.

"ಇನ್ನೊಂದು ಸಲ ತಡೆದರೆ ಗೆದ್ದೆವು ಮಾರಾಯ್ರೆ" ಅಂದರು ಪಕ್ಕದಲ್ಲಿದ್ದ ಶೆಟ್ಟಿ ಮಾಸ್ತರು.

ಮೂರನೇ ಸಲ ಶತ್ರುಗಳ ಕಡೆಯಿಂದ ನಾಯಕ್ ಟೀಚರ್ ಮುಂದಾಗಿ ನಿಧಾನಕ್ಕೆ ನಡೆದು ಬಂದರು. ದಿನಾ ವಿರಾರ್‌ನಿಂದ ಲೋಕಲ್ ಹಿಡಿದು ಓಡಾಡುವ ಹೆಂಗಸು. ಮರದ ಕತ್ತಿಯನ್ನು ಕಂಕುಳಲ್ಲಿ ಇರುಕಿಕೊಂಡು, ಗುರಾಣಿಯ ಮೇಲಿಂದ ನನ್ನ ಭುಜ ತಟ್ಟಿ, "ಭಾಯ್‌ಸಾಬ್, ಉತರ್‌ನಾ ಹೈ" ಅಂದರು.

ನಾನು ಸರಿದೆ. ಶೆಟ್ಟಿ ಮಾಸ್ತರೂ ಸರಿದು, "ಅವರಿಗೆ ಇಳಿಯಲಿಕ್ಕಿದೆಯಂತೆ, ಸ್ವಲ್ಪ ಜಾಗ ಬಿಡಿ" ಎಂದು ಹಿಂದಿನ ಸಾಲಿಗೂ ಹೇಳಿದರು. ಟೀಚರ ಬೆನ್ನಿಗೆ ಇಡೀ ಸೈನ್ಯ ಇಳಿಯಿತು. ಧ್ವಜ ಹೋಯಿತು.

"ದಾರಿ ಬಿಡಲು ಆರ್ಡರ್ ಕೊಟ್ಟವರು ಯಾರು?" ಮೇಜರ್ ಮುಖ ಕೆಂಪಾಗಿತ್ತು.

"ಇಳಿಯುವವರನ್ನು ತಡೆಯುವುದು ಹೇಗೆ ಸರ್?" ಎಂದು ಶೆಟ್ಟಿ ಮಾಸ್ತರು ನಿಜವಾಗಿಯೂ ಅರ್ಥವಾಗದೆ ಕೇಳಿದರು.

ಒಳಗಿನವನೇ ಕೋಟೆಯ ಬಾಗಿಲು ತೆರೆದ ಎಂಬ ಪಾಠ ಬಂದಾಗ ಅವನನ್ನು ದ್ರೋಹಿ ಅನ್ನಲು ಈಗ ನನಗೆ ಬಾಯಿ ಬರುವುದಿಲ್ಲ. ಪಾಪ, ಯಾರೋ ಇಳಿಯಬೇಕು ಅಂದಿರಬಹುದು.