ಗುಡ್ಡವನ್ನು ಹಿಗ್ಗಿಸಿ ಕುಗ್ಗಿಸಿದ ಮೋನಾಕ

ಕೆಂಪುಕಲ್ಲನ್ನು ಮಾತನಾಡಿಸುವ ಮನುಷ್ಯನೆಂದು ನಾನು ಕಂಡದ್ದು ಒಬ್ಬರನ್ನೇ. ಕಲ್ಲು ತೆಗೆಯುವ ಕೋರೆಯಲ್ಲಿ ಕಡಿದಿಟ್ಟದ್ದನ್ನು ಮೋನಾಕ ಉಗುರಿನಿಂದ ಕೆರೆಯುವರು. ಬಿಳಿ ಜೇಡಿಮಣ್ಣು ಉದುರಿತೋ, "ನೀನು ಈ ಮನೆಗಲ್ಲ ಮಗಳೇ, ನಿನಗೆ ಬೇರೆ ಕಡೆ ನೋಡುವ" ಎಂದು ಪಕ್ಕಕ್ಕೆ ಉರುಳಿಸುವರು. ಮೇಲಿಂದ ಹೊಟ್ಟೆ ಕುಲುಕುವ ನಗು.

ಮೋನು ಬ್ಯಾರಿ ಎಂದು ಹೆಸರು, ನಮಗೆಲ್ಲ ಮೋನಾಕ. ಬೆಳ್ತಂಗಡಿ ಕಡೆ ಹೊಸ ಕೋರೆ ತೆರೆಯುವವರು ಮೊದಲು ಅವರನ್ನು ಕರೆದೊಯ್ದು ಗುಡ್ಡ ತೋರಿಸುತ್ತಿದ್ದರು. ಇಸ್ತ್ರಿ ಹಾಕಿದ ಬಿಳಿ ಷರ್ಟಿನಲ್ಲೇ ಕೆಂಪು ಧೂಳಿಗೆ ಇಳಿಯುವರು, ಮನೆಯಲ್ಲಿ ಅದಕ್ಕೆ ಸಿಕ್ಕಿದ ಬೈಗುಳವನ್ನು ಮರುದಿನ ನಮಗೇ ಅಭಿನಯಿಸಿ ತೋರಿಸುವರು. ಗುಡ್ಡದಲ್ಲಿ ಎಷ್ಟು ಕಲ್ಲುಂಟು ಎಂದು ಕೇಳಿದರೆ, "ಎಂಥ ಕಲ್ಲು ಬೇಡ ಅಂತೀಯ, ಅದು ಮೊದಲು ಹೇಳು" ಎನ್ನುವರು. ಜಾರಿಕೊಳ್ಳುವ ಮಾತು ಅದು ಎಂದುಕೊಂಡಿದ್ದೆ.

ನಾನು ಐದನೇ ಕ್ಲಾಸಿಗೆ ಶಾಲೆ ಬಿಟ್ಟು ಕೊಡಲಿ ಹಿಡಿದವನು. ಕಲ್ಲು ಕಡಿಯುವುದರಲ್ಲಿ ಮಡಂತ್ಯಾರಿನಿಂದ ಮೂಡಬಿದಿರೆಯವರೆಗೆ ನನಗೆ ಹೆಸರಿತ್ತು, ಈಗಲೂ ಇದೆ. ಎರಡು ಸಾವಿರದ ಇಸವಿ ಕಳೆದ ಹೊಸತರಲ್ಲಿ ಬಹರೈನಿನಿಂದ ರಜೆಗೆ ಬಂದ ಸದಾನಂದ ಭಾವ, ನಾರಾವಿ ಹತ್ತಿರ ಒಂದು ಗುಡ್ಡ ಲೀಸಿಗೆ ಹಿಡಿಯುವ, ಕೋರೆ ನೀನು ನಡೆಸು ಎಂದರು. ಅವರ ಅಷ್ಟು ವರ್ಷದ ಗಲ್ಫಿನ ಬೆವರೆಲ್ಲ ಅದಕ್ಕೆ ಹೋಗುವುದಿತ್ತು. ರಸ್ತೆಗಾಗಿ ಹಿಂದೆ ಕಡಿದಿದ್ದ ಬದಿಯನ್ನು ನಾನು ನೋಡಿದೆ, ಕಬ್ಬಿಣದಂಥ ಕಲ್ಲು. ಉದ್ದ, ಅಗಲ, ಆಳ ಗುಣಿಸಿ, ಹತ್ತು ವರ್ಷಕ್ಕೂ ಮುಗಿಯಲಿಕ್ಕಿಲ್ಲ ಎಂದುಬಿಟ್ಟೆ. ಭಾವ ಅಲ್ಲೇ ನಿಂತು ಕೋರೆಗೆ ಹೆಂಡತಿಯ ಹೆಸರಿಟ್ಟರು.

ಮೋನಾಕ ಬಂದು ನೋಡಿದರು. "ಲೋಕಯ್ಯ, ಈ ಬದಿ ಬಿಸಿಲು ತಿಂದು ತಿಂದು ಗಟ್ಟಿಯಾದದ್ದು ಮಾರಾಯ. ಪೌಡರು ಹಾಕಿದ ಮುಖ ನೋಡಿ ಒಪ್ಪಿದ್ದಾ? ಒಳಗೆ ಒಂದು ಹೊಂಡ ತೆಗಿ."

ತೆಗೆದೆ. ಹೊರಬಂದ ಕಲ್ಲನ್ನು ಅವರು ಎರಡು ರಾಶಿ ಮಾಡಿದರು. ಮನೆಯ ಗೋಡೆಗೆ ಆಗುವುದು ಒಂದು ಕಡೆ. ಜೇಡಿ ತುಂಬಿದ್ದು, ತೂತು ಹೆಚ್ಚಿದ್ದು ಇನ್ನೊಂದು ಕಡೆ. ದೊಡ್ಡದಾದದ್ದು ಎರಡನೆಯ ರಾಶಿ.

ಭಾವನ ಮುಖ ಇಳಿಯಿತು. "ನಿನ್ನ ಹತ್ತು ವರ್ಷ ಎಲ್ಲಿಗೆ ಹೋಯ್ತು ಲೋಕು?"

"ಎಲ್ಲಿಗೂ ಹೋಗ್ಲಿಲ್ಲ, ಅಗೋ ಆ ರಾಶಿಯಲ್ಲಿ ಉಂಟು," ಎಂದರು ಮೋನಾಕ. "ಮೂಡಬಿದಿರೆಯ ದೊಡ್ಡ ಮನೆಗಳಿಗೆ ಮಾತ್ರ ಕೊಡುವುದಾದ್ರೆ ಗುಡ್ಡ ಇಷ್ಟೇ ಸಣ್ಣದು. ಇಲ್ಲೇ ಊರಲ್ಲಿ ಕಂಪೌಂಡಿಗೆ, ದನದ ಹಟ್ಟಿಗೆ ಗಿರಾಕಿ ಸಿಕ್ಕಿದ್ರೆ ಪುನಃ ದೊಡ್ಡದಾಗ್ತದೆ. ಆ ಕಲ್ಲನ್ನು ದೂರ ಕಳಿಸಿದ್ರೆ ಮಾತ್ರ ಲಾರಿ ಬಾಡಿಗೆಗೇ ಸರಿಯಾದೀತು."

"ಗುಡ್ಡ ಎಂತ, ಬಲೂನಾ ಬ್ಯಾರಿಗಳೇ?" ಎಂದರು ಭಾವ.

"ಬಲೂನೇ! ಊದ್ಲಿಕ್ಕೆ ಗಿರಾಕಿ ಬೇಕು. ಮೊದಲು ಅವರನ್ನು ಹುಡುಕುವ, ಲೀಸು ಆಮೇಲೆ."

ಭಾವನ ರಜೆ ಮುಗಿಯುವವರೆಗೆ ಮೂವರೂ ಜೀಪಿನಲ್ಲಿ ಮನೆಮನೆ ಸುತ್ತಿದೆವು. ಹೋದಲ್ಲೆಲ್ಲ ಮೋನಾಕ ಚಹಾ ಕುಡಿದು, ಮದುವೆ ದಲ್ಲಾಳಿಯ ಹಾಗೆ ಆ ಕಲ್ಲನ್ನು ಹೊಗಳುವರು: "ಚಂದ ಸ್ವಲ್ಪ ಕಡಿಮೆ ಅಷ್ಟೇ. ಮಾಳಿಗೆ ಹೊರ್ಲಿಕ್ಕೆ ಮಾತ್ರ ಹೇಳ್ಬೇಡಿ, ಹಟ್ಟಿಗೆ ನಾನು ಜವಾಬ್ದಾರಿ." ಗಿರಾಕಿ ಸಿಕ್ಕಿದಷ್ಟಕ್ಕೆ ಲೆಕ್ಕ ಹಾಕಿ, ಗುಡ್ಡದ ಮೇಲಿನ ಅರ್ಧವನ್ನು ಮಾತ್ರ ಲೀಸಿಗೆ ಹಿಡಿದೆವು. ಇಡೀ ಗುಡ್ಡ ಹಿಡಿದಿದ್ದರೆ ಭಾವ ಮುಳುಗುತ್ತಿದ್ದರು. ಅರ್ಧ ಗುಡ್ಡ ಅವರನ್ನು ದಡ ಹತ್ತಿಸಿತು.

ಕೆಲವು ವರ್ಷ ಕಳೆದು ಭಾವ ಬಹರೈನಿನ ಕೆಲಸ ಬಿಟ್ಟೇ ಬಂದರು. ಬಂದವರು ನೇರ ಕೋರೆಗೆ ಬಂದು ಮೋನಾಕನ ಕೈಗೆ ಅತ್ತರಿನ ಬಾಟಲಿ ಇಟ್ಟರು. "ಇನ್ನು ನಾನು ಆ ಕಡೆ ಹೋಗುವುದಿಲ್ಲ ಬ್ಯಾರಿಗಳೇ."

"ಹಾಗಾದ್ರೆ ಇದನ್ನು ಉಳಿಸಿ ಉಳಿಸಿ ಹಾಕ್ಬೇಕು," ಎಂದರು ಮೋನಾಕ. ಹೇಳಿದ ಬಾಯಿ ಮುಚ್ಚುವ ಮೊದಲೇ ಬಾಟಲಿ ತೆರೆದು, ಕಡಿಯುವವರು, ಹೊರುವವರು, ಲಾರಿ ಡ್ರೈವರ್, ಯಾರನ್ನೂ ಬಿಡದೆ ಅಟ್ಟಿಸಿಕೊಂಡು ಹೋಗಿ ಕುತ್ತಿಗೆಗೆ ಹಚ್ಚಿದರು. ಬೆವರಿದ ಗಂಡಸರೆಲ್ಲ ಮದುಮಕ್ಕಳಂತೆ ಘಮಘಮಿಸಿದೆವು. ಸಂಜೆ ಅವರು ಕಲ್ಲು ತುಂಬಿದ ಲಾರಿಯ ಮುಂದಿನ ಸೀಟಿನಲ್ಲಿ ಕೂತು ಊರಿಗೆ ಹೊರಟರು.

ನಾನು ಅವರನ್ನು ಕಂಡದ್ದು ಅದೇ ಕೊನೆ. ಮುಂದಿನ ಮಳೆಗಾಲ ಬರುವ ಮೊದಲೇ ಅವರು ತೀರಿಹೋದರು. ಅತ್ತರು ಹಚ್ಚಿದ ಆ ದಿನದ ಕಲ್ಲು ಇಳಿಸಿಕೊಂಡ ಗಿರಾಕಿ ಅದೇ ರಾತ್ರಿ ಫೋನು ಮಾಡಿ, "ಲೋಕಯ್ಯಣ್ಣ, ಕಲ್ಲಿಗೆ ಎಂತ ಹಾಕಿದ್ದು ನೀವು? ನಮ್ಮ ಹಟ್ಟಿ ಇಡೀ ಮದುವೆ ಮನೆ ಪರಿಮಳ!" ಎಂದು ಕೇಳಿದ್ದರು.